ಸೀಸೆ ಮೂಸಿದ ನಂಜಮ್ಮ

ನಂಜಮ್ಮನ ಮೂಗಿಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಗೇಟಿನ ಹೊರಗೇ ನಿಂತು, "ಏನವ್ವ, ಸಾರು ತಳ ಹಿಡಿಸ್ಬುಟ್ಟೆ?" ಎನ್ನುತ್ತಿದ್ದರು. ನಾನು ಒಲೆ ಆರಿಸಲು ಓಡುತ್ತಿದ್ದೆ.

ರಾಮನಗರದ ನಮ್ಮ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಹೆಂಗಸರ ಬೆರಳುಗಳು ಬಿಸಿನೀರಿನಲ್ಲಿ ಗೂಡು ತಡಕಿ ತಡಕಿ ಬಿರಿದುಹೋಗಿರುತ್ತಿದ್ದವು. ಅದಕ್ಕೆ ನಂಜಮ್ಮ ಒಂದು ಸೊಪ್ಪು ಹಾಕಿ ಎಣ್ಣೆ ಕಾಯಿಸಿ ಕೊಡುತ್ತಿದ್ದರು. ಆ ಸೊಪ್ಪು ಬೆಳೆಯುವ ದಿಣ್ಣೆಗೆ ಕಾರ್ಖಾನೆಯ ಬೇಲಿ ಬಂದ ಮೇಲೆ, ಕಾವಲುಗಾರನಿಗೆ ರೊಟ್ಟಿ ಕೊಟ್ಟು ಅವನ ಕೈಲೇ ಕೀಳಿಸುತ್ತಿದ್ದರು. ಯಾವ ಸೊಪ್ಪೆಂದು ನಮಗ್ಯಾರಿಗೂ ಹೇಳಿದವರಲ್ಲ.

ದಿಣ್ಣೆ ಪೂರ್ತಿ ಹೋಗುವ ಮೊದಲು ಏನಾದರೂ ಆಗಲಿ ಎಂದು, ಬೆಂಗಳೂರಿನ ಆಯುರ್ವೇದ ಕಾಲೇಜಿನ ಡಾಕ್ಟರಮ್ಮನನ್ನು ಬೆನ್ನುಹತ್ತಿ ಕರೆತಂದೆ. ಎಣ್ಣೆ ಪರೀಕ್ಷೆಯಲ್ಲಿ ಗೆದ್ದರೆ ಕಾಲೇಜಿನ ತೋಟದಲ್ಲೇ ಸೊಪ್ಪು ಬೆಳೆಸುವುದಾಗಿ ಅವರು ಮಾತು ಕೊಟ್ಟರು. ಅರ್ಧ ಸೀಸೆಗಳಲ್ಲಿ ನಂಜಮ್ಮನ ಎಣ್ಣೆ, ಉಳಿದವುಗಳಲ್ಲಿ ಅದೇ ಬಣ್ಣದ ಬರೀ ಎಣ್ಣೆ. ಯಾರಿಗೆ ಯಾವುದೆಂದು ಹಂಚುವವರಿಗೂ ತಿಳಿಯದು. ಶಬಾನಾ ಮೊದಲಾಗಿ ರೇಷ್ಮೆ ಬಿಚ್ಚುವ ಹೆಂಗಸರೂ ಒಪ್ಪಿದರು. ಸೀಸೆಗಳನ್ನು ನಮ್ಮ ವರಾಂಡದಲ್ಲಿ ಜೋಡಿಸಿಟ್ಟು, ಮಾರನೆಯ ದಿನ ಹಂಚಿದೆವು.

ಕೊನೆಗೆ ನೋಡಿದರೆ ಎಲ್ಲರ ಕೈಯೂ ಒಂದೇ ಸಮನೆ ವಾಸಿ! "ವ್ಯತ್ಯಾಸವೇ ಇಲ್ಲವಲ್ಲ. ಈ ಎಣ್ಣೆಯಿಂದಲೇ ಗುಣವಾಯಿತು ಎಂದು ಹೇಗೆ ಬರೆಯಲಿ?" ಎಂದು ಡಾಕ್ಟರಮ್ಮ ಹೊರಟುಹೋದರು.

ನಂಜಮ್ಮ ಮಾತ್ರ ನೆಮ್ಮದಿಯಾಗಿ ಎಲೆ ಅಡಿಕೆ ಜಗಿಯುತ್ತಿದ್ದರು.

"ಏನು ಮಾಡಿದ್ರಿ ನಂಜಮ್ಮ?"

"ಮೂಸಿ ನೋಡ್ದೆ. ಅರ್ಧಕ್ಕರ್ಧ ಸೀಸೇಲಿ ಔಷ್ದಿನೇ ಇಲ್ಲ ಕಣವ್ವ! ಚೆಲ್ಬುಟ್ಟು ನಮ್ದು ತುಂಬ್ದೆ."

"ಇಲ್ಲದೇ ಇರೋದೇ ಪರೀಕ್ಷೆ! ಎಷ್ಟು ಸಲ ಬಿಡಿಸಿ ಹೇಳಿದೆ!" ನನ್ನ ದನಿಯನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

"ಹೇಳ್ದೆ, ಇಲ್ಲ ಅಂದ್ನಾ? ಅನ್ನ ಕಲಸಕ್ಕಾಗ್ದೆ ಶಬಾನಾ ಮಗಳ ಕೈಲಿ ತುತ್ತು ತಿಂತಿದ್ಳು. ಅವಳ್ಗೆ ಬರೀ ಎಣ್ಣೆ ಕೊಡಕ್ಕೆ ನಿಂಗೆ ಕೈ ಬತ್ತದಾ?"

ನಾನು ತಲೆ ಚಚ್ಚಿಕೊಂಡೆ. "ಡಾಕ್ಟರಮ್ಮನಿಗೆ ನಡೆದದ್ದು ಹೇಳಿ ಇನ್ನೊಂದ್ಸಲ ಪರೀಕ್ಷೆ ಮಾಡಿಸ್ತೀನಿ."

"ಮಾಡ್ಸು. ಇನ್ನೊಂದ್ಸಲ ಮೂಸ್ತೀನಿ."

ಇನ್ನೊಂದು ಪರೀಕ್ಷೆ ನಡೆಯುವ ಮೊದಲೇ, ಆ ಬೇಸಿಗೆಯಲ್ಲಿ ನಂಜಮ್ಮ ತೀರಿಕೊಂಡರು. ದಿಣ್ಣೆಯ ಮೇಲೆ ಕಾರ್ಖಾನೆಯ ಶೆಡ್ಡು ಎದ್ದಿತು.

ಮೊನ್ನೆ ಶಬಾನಾ ಸಂತೆಯಿಂದ ಒಂದು ಸೀಸೆ ಹಿಡಿದು ಬಂದಳು. ಬೆರಳುಗಳು ಮತ್ತೆ ಬಿರಿದಿದ್ದವು.

"ಅಕ್ಕಾ, ನಂಜಮ್ಮನ ಎಣ್ಣೆ ಅಂತ ಮಾರ್ತಾವ್ರೆ. ಅವ್ರದೇನಾ? ಒಸಿ ನೋಡಿ."

ಮುಚ್ಚಳ ತೆಗೆದು ಮೂಸಿದೆ. ಇನ್ನೊಮ್ಮೆ ಮೂಸಿದೆ. ನನಗೆ ಬರೀ ಎಣ್ಣೆಯ ವಾಸನೆ ಬಂತು. ನಂಜಮ್ಮನದೂ ನನ್ನ ಮೂಗಿಗೆ ಹೀಗೇ ಇತ್ತೇನೋ.