ಎಡಗೈ ಹುರಿಯ ತಂತಿ

ದೆವ್ವ, ಪವಾಡ, ಶಕುನ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವನು. ಅದು ಸೊಕ್ಕಲ್ಲ, ಕಸುಬಿನ ಚಾಳಿ. ವಿಮಾನ ರಿಪೇರಿ ಮಾಡುವವನ ಕೆಲಸವೇ ನಂಬದಿರುವುದು. ತಿರುಪು ಬಿಗಿಯಾಗಿದೆ ಎಂದು ಒಬ್ಬ ಹೇಳಿದರೆ, ಅವನೆದುರಿಗೇ ಕೈಹಾಕಿ ಅಲುಗಾಡಿಸಿ ನೋಡುತ್ತೇವೆ. ಈ ಚಾಳಿಯಿಂದ ಬೀಗರ ಮನೆಗಳಲ್ಲಿ ನನಗೆ ಒಳ್ಳೆಯ ಹೆಸರೇನೂ ಇಲ್ಲ. ಆದರೂ ಎಂಬತ್ತರ ದಶಕದ ಕೊನೆಗೆ ಸಿಂಧನೂರು ಸೀಮೆಯ ಗೊರೇಬಾಳದ ಹತ್ತಿರ ನಡೆದದ್ದನ್ನು ಹೇಳಿಬಿಡುತ್ತೇನೆ. ನಂಬಿ ಅನ್ನುವುದಿಲ್ಲ, ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಆ ವರ್ಷ ಕಾಲುವೆ ಸೀಮೆಯ ಭತ್ತಕ್ಕೆ ಜಿಗಿಹುಳು ಬಿದ್ದಿತ್ತು. ಔಷಧ ಹೊಡೆಯಲು ಒಂದು ಕಂಪನಿಯ ಪುಟ್ಟ ವಿಮಾನ ಬಂದಿತ್ತು. ಊರಾಚೆಯ ಗಟ್ಟಿ ನೆಲವನ್ನೇ ಸಮಮಾಡಿ ಅದು ಇಳಿಯಲು ದಾರಿ ಮಾಡಿದ್ದರು. ಹಾರಿಸಲು ಒಬ್ಬ ಪೈಲಟ್, ರಿಪೇರಿಗೆ ನಾವಿಬ್ಬರು: ಉಸ್ತಾದ್ ದುರ್ಗಪ್ಪ, ಮತ್ತು ಅವರ ಕೈಕೆಳಗೆ ಮಸ್ಕಿಯವನಾದ ನಾನು. ಉಸ್ತಾದರು ಪಾಮನಕಲ್ಲೂರಿನ ಕೂಲಿಯವರ ಮನೆಯಿಂದ ಹೊರಟು ವಾಯುಸೇನೆ ಸೇರಿ, ಅರ್ಧ ಆಯುಷ್ಯವನ್ನು ವಿಮಾನಗಳ ಹೊಟ್ಟೆಯೊಳಗೆ ಕಳೆದು ಬಂದವರು. ನೋಡಲು ಬಂದ ಜನ ಪೈಲಟ್‌ನ ಕೈಕುಲುಕಿ ಹೋಗುತ್ತಿದ್ದರು. ಉಸ್ತಾದರು ನಗುತ್ತಿದ್ದರು. ಅವನು ಮ್ಯಾಲ ಹೋಗೋದು ತನ್ನ ಹಿಕ್ಮತ್ತಿನಿಂದ, ತಿರುಗಿ ಮನಿ ಮುಟ್ಟೋದು ನಮ್ಮಿಂದ ಅನ್ನುತ್ತಿದ್ದರು.

ಅವರು ಎಡಚರು. ಹಾರುವಾಗಿನ ನಡುಕಕ್ಕೆ ತಿರುಪುಗಳು ಸಡಿಲಾಗದಂತೆ ತೆಳ್ಳನೆಯ ಉಕ್ಕಿನ ತಂತಿಯನ್ನು ಹುರಿಮಾಡಿ ಕಟ್ಟುತ್ತೇವೆ, ಅದಕ್ಕೆ ಲಾಕ್ ವೈರ್ ಅನ್ನುತ್ತಾರೆ. ನನ್ನ ಹುರಿ ಬಲಕ್ಕೆ ಹೋದರೆ ಅವರದು ಎಡಕ್ಕೆ. ಚೂಪಾದ ತುದಿಯನ್ನು ಎರಡು ಸಲ ಒಳಕ್ಕೆ ಮಡಚುವುದೂ ಅವರೊಬ್ಬರದೇ ರೀತಿ. ಕೈಬರಹ ಗುರುತಿಸಿದಷ್ಟು ಸಲೀಸಾಗಿ ಅವರ ತಂತಿಯನ್ನು ನಾನು ಗುರುತಿಸುತ್ತಿದ್ದೆ. ತಿರುಪು ಬಿಗಿಯುವವನು ನಾನು, ಅದನ್ನು ನೋಡಿ ತಂತಿ ಕಟ್ಟುವವರು ಅವರು. ಮಾಡಿದವನೇ ತನ್ನ ಕೆಲಸವನ್ನು ಪಾಸು ಮಾಡುವಂತಿರಲಿಲ್ಲ.

ಒಂದು ಮಧ್ಯಾಹ್ನ ಬಾಲದ ಕೇಬಲ್ಲಿನ ಹಿತ್ತಾಳೆ ತಿರುಪು ಸವೆದಿದೆ ಎಂದು ತೆಗೆದು ಹೊಸದು ಹಾಕಿದೆವು. ನಾನು ಬಿಗಿದು ಸರಿದು ನಿಂತೆ. ಉಸ್ತಾದರು ತಂತಿ ಕಟ್ಟಲೆಂದು ಇಕ್ಕಳ ಹಿಡಿದು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಬಾಯಿ ಸೊಟ್ಟಗಾಗಿತ್ತು, ಎಡಗೈ ಜೋತುಬಿದ್ದಿತ್ತು. ಬಿಡಾರದಲ್ಲೇ ಇದ್ದ ಅವರ ಹೆಂಡತಿ ಈರಮ್ಮನ ತವರು ಲಿಂಗಸುಗೂರು. ಅಲ್ಲಿಯ ದವಾಖಾನೆಗೇ ಒಯ್ಯಬೇಕೆಂದು ಆಕೆ ಹಟ ಹಿಡಿದು ಜೀಪಿನಲ್ಲಿ ಕರೆದೊಯ್ದರು. ತಂತಿಯ ಸುರುಳಿಯಿದ್ದ ಚೀಲವೂ ಅವರ ಜೊತೆಗೇ ಹೋಯಿತು.

ನಾನು ತಂತಿಯಿಲ್ಲದ ತಿರುಪನ್ನು ಹಾಗೇ ಬಿಟ್ಟು ಬಾಲದ ಮುಚ್ಚಳ ಹಾಕಿ, ಕೆಲಸ ಮುಗಿದಿಲ್ಲ ಎನ್ನುವುದಕ್ಕೆ ಕೆಂಪು ಬಟ್ಟೆ ಕಟ್ಟಿ, ಸಂಜೆಯ ಬಸ್ಸಿಗೆ ಲಿಂಗಸುಗೂರಿಗೆ ಹೋದೆ. ಡಾಕ್ಟರು ಜೀವಕ್ಕೆ ಭಯವಿಲ್ಲ ಎಂದರು, ಎಡಗೈ ಬಗ್ಗೆ ಮಾತ್ರ ಈಗಲೇ ಏನೂ ಹೇಳಲಾಗದು ಎಂದರು. ಆ ಕೈ ಹೋದರೆ ಉಸ್ತಾದರಲ್ಲಿ ಉಳಿಯುವುದೇನು? ಅವರು ತೊದಲುತ್ತಾ ವೈರ್, ವೈರ್ ಅನ್ನುತ್ತಿದ್ದರು. ನಾನು ಕಟ್ಟುತ್ತೇನೆ, ನೋಡಲು ಕಂಪನಿಯಿಂದ ಇನ್ನೊಬ್ಬರು ನಾಳೆ ಬರುತ್ತಾರೆ ಎಂದು ಸಮಾಧಾನ ಹೇಳಿದೆ. ಚೀಲದಿಂದ ಸುರುಳಿ ತೆಗೆದುಕೊಂಡು, ಮಸ್ಕಿಯ ಮನೆಯಲ್ಲಿ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಸಿಂಧನೂರಿನ ದಾರಿ ಹಿಡಿದೆ.

ಬಿಸಿಲು ಏರುವ ಹೊತ್ತಿಗೆ ಗೊರೇಬಾಳ ಮುಟ್ಟಿ ಬಾಲದ ಮುಚ್ಚಳ ಬಿಚ್ಚಿದೆ. ಒಳಗೆ ಆ ಹೊಸ ತಿರುಪಿಗೆ ತಂತಿ ಕಟ್ಟಿತ್ತು.

ಹುರಿ ಎಡಕ್ಕೆ. ತುದಿ ಎರಡು ಸಲ ಒಳಕ್ಕೆ ಮಡಚಿತ್ತು. ಹಳೆಯ ತಂತಿ ಅನ್ನೋಣವೆಂದರೆ ತಿರುಪೇ ಹಿಂದಿನ ದಿನದ್ದು. ಬೇರೆಯವರು ಕಟ್ಟಿದರು ಅನ್ನೋಣವೆಂದರೆ ಆ ಬಯಲಿನಲ್ಲಿ ತಂತಿಯೇ ಇರಲಿಲ್ಲ, ಇದ್ದ ಸುರುಳಿ ನನ್ನ ಕೈಯಲ್ಲಿತ್ತು. ಕಾವಲಿನ ಅಮರೇಶನನ್ನು ಗದರಿಸಿ ಕೇಳಿದೆ.

"ನಾಯಿ ಸುದ್ದಾ ಬಂದಿಲ್ರೀ. ಇದರ ಬಾಲದ ಬುಡಕ್ಕ ಹೊರಸು ಹಾಕ್ಕೊಂಡು ಮಲ್ಕೊಂಡಿದ್ನಿ," ಅಂದ.

ಅಷ್ಟರಲ್ಲಿ ದಢೇಸುಗೂರು ಕಡೆಯ ರೈತರು ಬಂದು ನಿಂತಿದ್ದರು. ಇನ್ನು ತಡವಾದರೆ ಬೆಳೆ ಸುಟ್ಟ ಹಾಗಾಗುತ್ತದೆ ಎಂಬುದು ಅವರ ಗೋಳು. ತಂತಿಯನ್ನು ಅಲುಗಾಡಿಸಿದೆ, ಕೂದಲೆಳೆಯಷ್ಟೂ ಸಡಿಲವಿಲ್ಲ. ಮುಚ್ಚಳ ಹಾಕಿ ಹೂಂ ಅಂದಿದ್ದರೆ ವಿಮಾನ ಹಾರುತ್ತಿತ್ತು. ಆದರೆ ಯಾರು ಕಟ್ಟಿದ್ದೆಂದು ಹೇಳಲಿ? ಇಕ್ಕಳ ತೆಗೆದುಕೊಂಡು ಕತ್ತರಿಸಿಬಿಟ್ಟೆ. ಕತ್ತರಿಸುವಾಗ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಉಸ್ತಾದರ ಕೈಯಿಂದ ಉಳಿದದ್ದು ಅದೊಂದೇ ಅನಿಸಿತ್ತು. ತುಂಡನ್ನು ಜೇಬಿಗೆ ಹಾಕಿಕೊಂಡು ಹೊಸ ತಂತಿ ಕಟ್ಟಿದೆ. ಮಧ್ಯಾಹ್ನ ಬಂದ ಇನ್ನೊಬ್ಬ ಟೆಕ್ನಿಷಿಯನ್ ನೋಡಿ ಪಾಸು ಮಾಡಿದ. ವಿಮಾನ ಹಾರಿತು, ಗದ್ದೆಗಳಿಗೆ ಔಷಧ ಬಿತ್ತು.

ಸಂಜೆ ಮತ್ತೆ ಲಿಂಗಸುಗೂರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಈರಮ್ಮ ಶುರುಮಾಡಿದರು. "ನಸುಕಿನ್ಯಾಗ ಚುಚ್ಚಿತು ಅಂತ ಒದರ್ಯಾರ ತಮ್ಮಾ. ನೋಡಿದ್ರ ಎಡಗೈ ಬೆರಳಾಗ ರಕ್ತ. ಸೂಜಿ ಯಾರೂ ಮಾಡಿಲ್ಲಂತ."

ಡಾಕ್ಟರಿಗಂತೂ ಖುಷಿ. ನೋವು ತಿಳಿಯಿತೆಂದರೆ ಕೈಯಲ್ಲಿ ಇನ್ನೂ ಜೀವ ಇದೆ ಎಂದರಂತೆ. ಉಸ್ತಾದರ ತೋರುಬೆರಳಿನ ತುದಿಯಲ್ಲಿ ಸಣ್ಣ ತೂತು ಇತ್ತು. ತಂತಿ ಕಟ್ಟುವ ನಮ್ಮೆಲ್ಲರ ಬೆರಳಿಗೂ ಆಗುವಂಥದ್ದೇ. ನಾನು ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಎಡಗೈ ಹೆಬ್ಬೆರಳು ನಿಧಾನವಾಗಿ ಹುರಿಯ ಮೇಲೆ ಜರುಗಿತು. ಆ ಕೈ ಅಲುಗಿದ್ದನ್ನು ನಾವು ಮೊದಲು ಕಂಡದ್ದು ಆಗಲೇ. ಈರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ನಂದ ಐತಲೇ ಇದು," ಎಂದು ತೊದಲಿದರು ಉಸ್ತಾದರು.

ನಾನು ಕತ್ತರಿಸಿದ್ದನ್ನು ಹೆದರುತ್ತಲೇ ಹೇಳಿದೆ. ಅವರು ಸೊಟ್ಟಬಾಯಲ್ಲೇ ನಕ್ಕರು.

"ಚಲೋ ಮಾಡಿದಿ. ಯಾರು ಕಟ್ಯಾರಂತ ಗೊತ್ತಿಲ್ದ ವೈರಿನ ಮ್ಯಾಲ ಯಾರ ಜೀವಾನೂ ಇಡಬ್ಯಾಡ. ನಂದಿದ್ರೂ ಅಷ್ಟ. ಈ ತುಂಡು ನೀನ ಇಟ್ಕೋ."

ಕೈ ತಿರುಗಿ ಬರಲು ಬಹಳ ದಿನ ಹಿಡಿಯಿತು, ಆದರೆ ಬಂತು. ಮೊದಮೊದಲು ಅವರು ಕಟ್ಟಿದ ಹುರಿ ಸಣ್ಣ ಮಗುವಿನ ಅಕ್ಷರದ ಹಾಗೆ ನಡುಗುತ್ತಿತ್ತು, ನನ್ನ ಜೇಬಿನ ತುಂಡಿನಲ್ಲಿ ಆ ನಡುಕ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಅವರು ಲಿಂಗಸುಗೂರಿನಲ್ಲಿ ಮನೆ ಮಾಡಿ, ಈ ಕಸುಬಿಗೆ ಹೋಗುವವರಿಗೆಲ್ಲ ಅದೇ ಎಡಗೈಯಲ್ಲಿ ಹೇಳಿಕೊಟ್ಟರು. ಅವರ ಹತ್ತಿರ ಕಲಿತವರು ಇವತ್ತು ದೊಡ್ಡ ದೊಡ್ಡ ವಿಮಾನಗಳ ಕೆಳಗೆ ಟಾರ್ಚು ಹಿಡಿದು ಓಡಾಡುತ್ತಾರೆ. ಆ ದಿನದ ಬಗ್ಗೆ ಕೇಳಿದಾಗಲೆಲ್ಲ ಉಸ್ತಾದರು, ನಾ ದವಾಖಾನ್ಯಾಗ ಮಲಗಿದ್ನಲೋ, ನನಗೇನು ಗೊತ್ತು ಎಂದು ಮಾತು ಮುಗಿಸುತ್ತಿದ್ದರು.

ಆ ತುಂಡು ಇನ್ನೂ ನನ್ನ ಮೇಜಿನಲ್ಲಿದೆ. ನಮ್ಮ ಕೆಲಸದಲ್ಲಿ ಕಣ್ಣಾರೆ ನೋಡಿದ್ದಕ್ಕೆ ಮಾತ್ರ ಸಹಿ ಹಾಕಬೇಕು. ತಂತಿ ಬಿಗಿಯಾಗಿತ್ತು, ಹುರಿ ಎಡಕ್ಕಿತ್ತು, ಕತ್ತರಿಸಿದವನು ನಾನು. ಇಷ್ಟಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಕಟ್ಟಿದವರ ಜಾಗ ಖಾಲಿ ಬಿಟ್ಟಿದ್ದೇನೆ.