ಶಂಕ್ರಮ್ಮನ ಗರಸಿನ ಹಾದಿ

೧೯೩೮ನೆಯ ಇಸವಿ, ಸೆಪ್ಟೆಂಬರ್ ಆರು. ಹುಬ್ಬಿ ಮಳೆ ಹಿಂದಿನ ಸಂಜೆ ಹಿಡಿದದ್ದು ಬೆಳಗಿನ ತನಕ ಬಿಡದೆ ಸುರಿಯಿತು. ಹೊತ್ತು ಮೂಡುವಾಗ ನಿಂತಿತಾದರೂ ಪಡುವಣದ ಮೋಡ ಕರಗಲಿಲ್ಲ.

ತಾವರಗೇರಾದ ಹೊರಗೆ, ಕುಷ್ಟಗಿಗೆ ಹೋಗುವ ಸರಕಾರಿ ಸಡಕಿನಿಂದ ತುಸು ಒಳಕ್ಕೆ, ಎರೆಹೊಲದ ನಡುವೆ ಶಂಕ್ರಮ್ಮನ ಮನೆ. ಬಾಗಿಲು ತೆರೆದವಳೇ ಆಕೆ ಅಂಗಳದ ಹಾದಿ ನೋಡಿದಳು. ಬೇಸಿಗೆಯಲ್ಲಿ ಮನೆಯ ಕಟ್ಟೆಯಿಂದ ಸಡಕಿನವರೆಗೆ ಹಾಸಿದ್ದ ಗರಸು ಅರ್ಧಕ್ಕರ್ಧ ಕಾಣೆಯಾಗಿತ್ತು. ಕೆಂಪು ಹರಳುಗಳ ನಡುವೆ ಕಪ್ಪು ಮಣ್ಣು ಉಬ್ಬಿ ಮೇಲೆ ಬಂದಿತ್ತು. ಒಂದು ಹೆಜ್ಜೆ ಇಟ್ಟಳು. ಪಾದ ಹರಡಿನವರೆಗೆ ಇಳಿಯಿತು. ಕಾಲು ಕಿತ್ತುಕೊಂಡು ಹಿಂದೆ ಸರಿದಳು.

ಆ ಹಾದಿಯನ್ನು ಆಕೆ ಮಾಡಿಸಿದ್ದು ಅಂದಕ್ಕಲ್ಲ. ಮೂರು ವರ್ಷದ ಹಿಂದೆ ಇಂಥದೇ ಮಳೆಯಲ್ಲಿ ಹಿರಿಮಗಳು ಶಿವಬಸಮ್ಮನಿಗೆ ಹೆರಿಗೆ ಕಷ್ಟವಾದಾಗ, ಬಂಡಿ ಕಟ್ಟಿದರೆ ಗಾಲಿ ಅಂಗಳದಲ್ಲೇ ಅಚ್ಚಿನ ಮಟ್ಟ ಹೂತಿತ್ತು. ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತರು. ಮುಂದೆ ಹೊತ್ತವರ ಕಾಲು ಜಾರಿ ಹೊರಸು ಮಗುಚಿತು. ಸಡಕು ಕಣ್ಣೆದುರಿಗೇ ಇತ್ತು. ಅಲ್ಲಿಗೆ ಮುಟ್ಟುವ ಮೊದಲೇ ಮಗಳ ಉಸಿರು ನಿಂತಿತು. ಈಗ ಕಿರಿಮಗಳು ಕಳಕಮ್ಮ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮಾಡಿ ಆಕೆಯನ್ನು ತವರಿಗೆ ಕರೆತಂದ ದಿನದಿಂದ ಶಂಕ್ರಮ್ಮನಿಗೆ ಅಂಗಳದ ಮಣ್ಣೇ ಹಗೆ.

ಬೇಸಿಗೆಯಲ್ಲಿ ಮೇಸ್ತ್ರಿ ಇಬ್ರಾಹಿಂಸಾಬ ನೆಲ ನೋಡಿ ಹೇಳಿದ್ದ: “ಎರಿ ಮಣ್ಣ ಒಂದ ಮೊಳ ಅಗದ ತಗೀಬೇಕ್ರಿ ಅಕ್ಕಾರ. ತಳಕ್ಕ ಕಲ್ಲು, ಮ್ಯಾಲ ಗರಸು. ಇಲ್ಲಂದ್ರ ಮಳಿಗಾಲದಾಗ ನುಂಗತೈತಿ.”

ಶಂಕ್ರಮ್ಮನ ಗಂಡ ದೊಡ್ಡಬಸಪ್ಪ ಸಿಡುಕಿದ್ದ. “ಬಸುರಿ ಇದ್ದ ಮನಿ ನೆಲಕ್ಕ ಗುದ್ದಲಿ ಹಾಕೂದ? ತಾಯಿ ಜೀವಕ್ಕ ಕುತ್ತು, ಕೂಸಿನ ಮೈಮ್ಯಾಲ ಗುದ್ದಲಿ ಗುರುತು ಬೀಳತೈತಿ. ಬುದ್ಧಿ ಐತಿಲ್ಲೋ ನಿನಗ?”

“ಅದೂ ಖರೇನ ಬಿಡ್ರಿ,” ಎಂದ ಇಬ್ರಾಹಿಂಸಾಬ. “ನಮ್ಮ ಮನ್ಯಾಕಿ ಖಾಜಾಬೀ ಬಸುರಿದ್ದಾಗ ನಾ ಒಂದು ಗೂಟಾ ಸೈತ ಬಡೀಲಿಲ್ಲ. ಹೊಸಾ ಎಮ್ಮಿ ಕಟ್ಟಾಕ ಗೂಟಿಲ್ದ ಮಾವನ ಮನ್ಯಾಗ ಬಿಟ್ಟಿದ್ದೆ. ಹಾಲೆಲ್ಲಾ ಅವರ ಕುಡದ್ರು ನೋಡ್ರಿ!”

ಎಲ್ಲರೂ ನಕ್ಕರು. ಅಗೆಯುವ ಮಾತು ಅಲ್ಲಿಗೇ ನಿಂತಿತು. ಬದಲಿಗೆ ಗರಸನ್ನೇ ದುಪ್ಪಟ್ಟು ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದರು. ಬಿಸಿಲಿನಲ್ಲಿ ಅದು ಬಂಡೆಯಂತೆ ಗಟ್ಟಿಯಾಗಿತ್ತು. ಬಂಡಿ ಹಾಯ್ದು ಹೋದಾಗಲೆಲ್ಲ ಶಂಕ್ರಮ್ಮ ಗಾಲಿಯ ಜಾಡನ್ನು ತಾನೇ ಕೈಯಾರೆ ಮುಚ್ಚಿ, ಹುಲ್ಲು ಕಿತ್ತು, ಚೆದುರಿದ ಹರಳನ್ನು ಒಟ್ಟುಗೂಡಿಸುತ್ತಿದ್ದಳು.

ಆ ಬೆಳಿಗ್ಗೆ ಆಕೆ ಅಂಗಳದಲ್ಲಿ ನಿಂತಿದ್ದಂತೆಯೇ ರಾತ್ರಿಯಿಂದ ಕಳಕಮ್ಮನ ಬಳಿಯಿದ್ದ ಸೂಲಗಿತ್ತಿ ಲಾಲಬೀ ಒಳಗಿನಿಂದ ಬಂದಳು. ದನಿ ತಗ್ಗಿಸಿ ಹೇಳಿದಳು: “ಶಂಕ್ರವ್ವಾ, ನೆತ್ತರ ಕಾಣಿಸಾಕತ್ತೈತಿ. ಕೂಸು ಅಡ್ಡ ಐತಿ. ಇದು ನನ್ನ ಕೈಮೀರಿದ್ದು. ಇವತ್ತ ಕುಷ್ಟಗಿ ದವಾಖಾನಿಗೆ ಒಯ್ಯಿರಿ. ಎಬ್ಬಿಸಿ ನಡಸಬ್ಯಾಡ್ರಿ, ಮಲಗಿಸೇ ಒಯ್ಯಬೇಕು.”

ಖಾಲಿ ಬಂಡಿ ಹೂಡಿ ನೋಡಿದರು. ಕಟ್ಟೆ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಾಲಿ ನಡುವಿನ ಗುಂಬದವರೆಗೆ ಕುಸಿಯಿತು. ಹೊರಸಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಇಬ್ರಾಹಿಂಸಾಬನಿಗೆ ಹೇಳಿ ಕಳಿಸಿದರು. ಆತ ಆರು ಆಳುಗಳೊಂದಿಗೆ ಬಂದ. “ಪೂರಾ ಹಾದಿ ಆಗಂಗಿಲ್ರಿ. ಎರಡು ಗಾಲಿ ಜಾಡು ಅಷ್ಟ ಅಗದು ಕಲ್ಲು ತುಂಬಿದ್ರ ಹೊತ್ತು ಮುಳುಗೂದ್ರಾಗ ಬಂಡಿ ದಾಟತೈತಿ. ಆದ್ರ ಮೊದಲ ಗುದ್ದು ಮನಿಯವ್ರದ ಬೀಳಬೇಕು. ನಾ ಹಾಕಂಗಿಲ್ಲ.”

“ನಾನೂ ಹಾಕಂಗಿಲ್ಲ,” ಎಂದ ದೊಡ್ಡಬಸಪ್ಪ. ಮುಖ ಬೂದಿಯಾಗಿತ್ತು. “ಅಗದ್ರ ಹೋಗ್ತಾಳ, ಶಂಕ್ರೀ.”

“ಅಗೀದಿದ್ರೂ ಹೋಗ್ತಾಳಲ್ರಿ.”

ಹಾಗೆ ಅಂದವಳೇ ಶಂಕ್ರಮ್ಮ ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿದಳು. ಮೊದಲ ಏಟಿಗೆ ಮಣ್ಣು ಬಾಯಿ ಬಿಟ್ಟಾಗ, ಒಳಗಿನಿಂದ ಮಗಳು ಚೀರುತ್ತಾಳೇನೋ ಎಂದು ಕಿವಿಗೊಟ್ಟು ನಿಂತಳು. ಚೀರು ಬರಲಿಲ್ಲ, ಕ್ಷೀಣವಾದ ದನಿ ಬಂತು.

“ಯವ್ವಾ... ಏನ ಅಗಿಯಾಕತ್ತೀರಿ? ಯಾರಿಗೆ?”

“ಹಾದಿ, ನಮ್ಮವ್ವಾ. ಬಂಡಿಗೆ ಹಾದಿ,” ಎಂದು ಕೂಗಿ ಹೇಳಿ, ಶಂಕ್ರಮ್ಮ ಎರಡನೆಯ ಏಟು ಹಾಕಿದಳು. ಆಮೇಲೆ ಆಳುಗಳು ಕೈಹಚ್ಚಿದರು.

ದೊಡ್ಡಬಸಪ್ಪ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದ. ತುಸು ಹೊತ್ತಿನ ಮೇಲೆ ಎದ್ದು, ದನದ ಕೊಟ್ಟಿಗೆಯ ಗೋಡೆಯ ಕಲ್ಲು ಕೆಡವಿ ಹೊತ್ತು ತರತೊಡಗಿದ. “ಗುದ್ದಲಿ ಮುಟ್ಟಂಗಿಲ್ಲ. ಕಲ್ಲ ಹೊರತೀನಿ,” ಎಂದ. ಹೊತ್ತು ಇಳಿಯುವ ತನಕ ಆತ ಹೊರುತ್ತಲೇ ಇದ್ದ. ತೆಗ್ಗಿನ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಜಾಡುಗಳಿಗೆ ಕಲ್ಲು ತುಂಬಿ, ಸಂದಿಗೆ ಗರಸು ಬಡಿದು, ಕಳಕಮ್ಮನನ್ನು ಮೇವಿನ ಮೇಲೆ ಮಲಗಿಸಿ ಬಂಡಿ ಹೂಡಿದಾಗ ಮತ್ತೆ ಹನಿ ಶುರುವಾಗಿತ್ತು. ಇಬ್ರಾಹಿಂಸಾಬ ಎತ್ತಿನ ಮೂಗುದಾರ ಹಿಡಿದ. ಶಂಕ್ರಮ್ಮ ಗಾಲಿಯ ಪಕ್ಕದಲ್ಲೇ ನಡೆದಳು. ನಡುಹಾದಿಯಲ್ಲಿ ಒಂದು ಕಲ್ಲು ಕದಲಿ ಬಂಡಿ ವಾಲಿತು. ಹಿಂದಿನ ಸಲ ಹೊರಸು ಹೊತ್ತವರ ಕಾಲು ಜಾರಿದ್ದೂ ಅಲ್ಲಿಯೇ. ಗಾಲಿ ಮುಂದಿನ ಕಲ್ಲಿಗೆ ತಾಗಿ ಮೇಲೆದ್ದಿತು. ಬಂಡಿ ಸಡಕು ಹತ್ತಿತು.

ಕುಷ್ಟಗಿಯಲ್ಲಿ ಕಳಕಮ್ಮನಿಗೆ ಗಂಡುಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಉಳಿದರು. ಶಂಕ್ರಮ್ಮ ಕೂಸನ್ನು ಎತ್ತಿಕೊಂಡವಳು ಮೊದಲು ಅದರ ತುಟಿ ನೋಡಿದಳು, ಬೆರಳು ಬಿಡಿಸಿ ನೋಡಿದಳು, ಬೆನ್ನು ತಿರುಗಿಸಿ ನೋಡಿದಳು. ಎಲ್ಲಿಯೂ ಗುದ್ದಲಿಯ ಗುರುತಿರಲಿಲ್ಲ. ಆದರೂ ಕೂಸಿಗೆ ಜ್ವರ ಬಂದಾಗಲೆಲ್ಲ ಆಕೆಯ ಕಣ್ಣು ತನ್ನ ಕೈಗಳ ಮೇಲೆ ಹೋಗುತ್ತಿತ್ತು. ದೊಡ್ಡಬಸಪ್ಪ ಅಗೆದ ಮಾತನ್ನು ಎಂದೂ ಎತ್ತಲಿಲ್ಲ. ಎತ್ತದಿದ್ದುದೇ ಆಕೆಗೆ ಹೆಚ್ಚಿನ ಅಂಜಿಕೆಯಾಗಿತ್ತು.

ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದ ಖರ್ಚು: ಗರಸು ಹದಿನಾಲ್ಕು ಬಂಡಿ, ಬಂಡಿಗೆ ಆರಾಣೆಯಂತೆ ಐದು ರೂಪಾಯಿ ನಾಲ್ಕಾಣೆ. ಆರು ಆಳಿಗೆ ಐದಾಣೆಯಂತೆ ಒಂದು ರೂಪಾಯಿ ಹದಿನಾಲ್ಕಾಣೆ. ಮೇಸ್ತ್ರಿಗೆ ಎರಡೂ ಸಲ ಸೇರಿ ಎರಡು ರೂಪಾಯಿ. ಲಾಲಬೀಗೆ ಸೀರೆ, ಎರಡು ರೂಪಾಯಿ ಎಂಟಾಣೆ. ಕಲ್ಲು ಮನೆಯದು. ಒಟ್ಟು ಹನ್ನೊಂದು ರೂಪಾಯಿ ಹತ್ತಾಣೆ, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ.