ಎಡಗಿವಿಯ ಗುಂಯ್

ದೋರನಹಳ್ಳಿಯಲ್ಲಿ ಕುರಿ ಕಾಯುವ ಮನೆ ನಮ್ಮದು. ಕಾಕಾ ಡೊಳ್ಳಿನ ಹಾಡಿನ ಮೇಳ ಕಟ್ಟಿದ್ದ, ನನಗೂ ಅವನೇ ಗುರು. ತಾಳ ತಪ್ಪಿದರೆ ಹಾಡು ನಿಲ್ಲಿಸದೆಯೇ ಕೋಲಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದ. ಮರುಗಳಿಗೆ ಅದೇ ಕೋಲು ಡೊಳ್ಳಿನ ಮೇಲೆ. ಮೀಸೆ ಮೂಡುವ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ನನಗೂ ಹೆಸರು ಬಂದಿತ್ತು.

ಆಮೇಲೆ ಕಾಲುವೆ ಬಂತು. ಮೊದಲ ಸಲ ನೀರು ಹರಿದಾಗ ಹೆಂಗಸರು ಅರಿಸಿನ ಕುಂಕುಮ ಹಾಕಿ ಕೈಮುಗಿದರು. ಮುಂದಿನ ಹಂಗಾಮಿಗೆ ತೂಬಿನ ಬಳಿ ಸಲಿಕೆಗಳು ಎದ್ದವು. ಮೇಲಿನ ಹೊಲದವರು ಭತ್ತ ಹಚ್ಚಿ, ಕೆಳಗಿದ್ದ ನಮ್ಮ ತುಂಡು ಹೊಲಕ್ಕೆ ನೀರೇ ಬಿಡುತ್ತಿರಲಿಲ್ಲ. ಒಂದು ಮುಂಜಾನೆ ಕಾಕಾ ತೂಬು ಎತ್ತಲು ಹೋದ. ಅವನ ಹಿಂದೆ ನಾನು.

"ಕೈ ಹಚ್ಚಬ್ಯಾಡ ಮುದಕಾ," ಎಂದ ಮೇಲಿನ ಹೊಲದವನೊಬ್ಬ.

"ನೀರೇನು ನಿಮ್ಮಪ್ಪ ಹೊತ್ತು ತಂದಾನೇನು?" ಎಂದ ಕಾಕಾ.

ಸಲಿಕೆಯ ಬೆನ್ನು ಕಾಕಾನ ದವಡೆಗೆ ಬಿತ್ತು. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದು. ನಾನು ಹೊಡೆದವನ ಮೇಲೆ ಬಿದ್ದು ತೋಳಿಗೆ ಹಲ್ಲು ಹಾಕಿದೆ. ಬಾಯಿ ತುಂಬ ಅವನ ರಕ್ತ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಎಡಗಿವಿಯ ಮೇಲೆ ಬಡಿಗೆ ಬೀಸಿದರು.

ಕಾಕಾ ಬದುಕಿದ, ಆದರೆ ಮತ್ತೆ ಹಾಡಲಿಲ್ಲ. ಅವನ ಮಾತು ಮನೆಯವರಿಗೂ ತಿಳಿಯದಷ್ಟು ತೊದಲಿತು. ನನ್ನ ಕಿವಿಯಲ್ಲಿ ಗುಂಯ್ ಎಂಬ ಸದ್ದು ಕುಳಿತುಬಿಟ್ಟಿತು. ಹಾಡಲು ಬಾಯಿ ತೆರೆದರೆ ಅದು ಸುರವನ್ನೇ ನುಂಗುತ್ತಿತ್ತು. ಮೇಳ ಮುರಿಯಿತು.

ಕೆಲವು ತಿಂಗಳ ಮೇಲೆ ಕೆಟ್ಟ ರೇಡಿಯೋ ಹಿಡಿದು ರಂಗಂಪೇಟೆಗೆ ಹೋಗಿದ್ದೆ. ರಿಪೇರಿ ಅಂಗಡಿಯ ಮಾಲೀಕರು ತಾವು ಹೈದರಾಬಾದಿನಿಂದ ತಂದ ಕರೆಂಟಿನ ಗಿಟಾರೊಂದನ್ನು ಬಾರಿಸುತ್ತಿದ್ದರು. ತಂತಿ ನಿಂತ ಮೇಲೂ ಅದಕ್ಕೆ ಜೋಡಿಸಿದ ಸ್ಪೀಕರ್ ಡಬ್ಬಿಯಿಂದ ಉದ್ದನೆಯ ಗುಂಯ್ ಹೊರಟಿತು. ನಾನು ಎಡಗಿವಿಯನ್ನು ಡಬ್ಬಿಗೆ ಒಡ್ಡಿದೆ.

"ಡಬ್ಬಿ ಒದರಾಕತ್ತೈತ್ರಿ, ಬಂದ್ ಮಾಡ್ತೀನಿ," ಎಂದರು ಅವರು.

"ಬಂದ್ ಮಾಡಬ್ಯಾಡ್ರಿ! ಇದು ನನ್ನ ಕಿವ್ಯಾಗಿನ ಸಪ್ಪಳ."

ಆ ಸದ್ದಿನ ಮೇಲೆಯೇ ಡೊಳ್ಳಿನ ಪದ ಎತ್ತಿದೆ. ಹೊರಗೂ ಒಳಗೂ ಒಂದೇ ಸುರ ಆದಾಗ, ಪೆಟ್ಟು ತಿಂದ ದಿನದಿಂದ ಮೊದಲ ಬಾರಿಗೆ ನನ್ನ ದನಿ ನನಗೆ ಕೇಳಿಸಿತು. ಅವರು ಪ್ರತಿಧ್ವನಿಯ ಯಂತ್ರವೊಂದನ್ನು ಜೋಡಿಸಿದರು. ನಾನು ಹಾಡಿದ ಸಾಲು ನನ್ನನ್ನೇ ಬೆನ್ನಟ್ಟಿ ಬರುತ್ತಿತ್ತು.

ರಾಮಸಮುದ್ರದ ಮದುವೆಯೊಂದರಲ್ಲಿ ನಾವಿಬ್ಬರೂ ಮೊದಲ ಸಲ ಹಾಡಿದೆವು. ನಮ್ಮ ಕುಲದೇವರು ಬೀರಪ್ಪನ ಪದ ಅರ್ಧಕ್ಕೆ ಬರುವುದರೊಳಗೆ ಒಬ್ಬ ಕೂಗಿದ: "ದೇವರ ಪದಕ್ಕ ದೆವ್ವ ಬಡಿಸ್ಯಾನ! ಹೊಡೀರಿ ಅವನ್ನ!" ಕಲ್ಲು ಬಂದವು, ಕುರ್ಚಿ ಬಂದವು. ಗಿಟಾರಿನವರ ಹುಬ್ಬು ಸೀಳಿತು. ಅವರು ರಕ್ತ ಒರೆಸಿಕೊಳ್ಳುತ್ತಲೇ ಬಾರಿಸಿದರು, ನಾನು ಹಾಡುತ್ತಲೇ ಇದ್ದೆ. ಚಪ್ಪರದ ಕಂಬ ಕಿತ್ತು ನಮ್ಮ ಮೇಲೆ ಕೆಡವಿದಾಗಲೇ ಹಾಡು ನಿಂತದ್ದು.

ಚೂರುಗಳನ್ನು ಆರಿಸುತ್ತಿದ್ದಾಗ, ಕಾಲುವೆಯಲ್ಲಿ ಮಣ್ಣು ಹೊತ್ತ ಕೂಲಿಯ ಹೆಣ್ಣುಮಗಳೊಬ್ಬಳು ಹತ್ತಿರ ಬಂದಳು. "ಅಣ್ಣಾ, ಆ ಗುಂಯ್ ಅನ್ನೂದು ಇನ್ನೊಮ್ಮಿ ಮಾಡಸ್ರಿ. ಗಂಡ ಹೊಡದಾಗಿಂದ ನನ್ನ ಕಿವ್ಯಾಗೂ ಐತಿ. ನನಗೊಬ್ಬಾಕಿಗೇ ಅಂತ ತಿಳದಿದ್ದೆ." ಡಬ್ಬಿ ಒಡೆದುಹೋಗಿತ್ತು. ನಾನು ಬಾಯಿಂದಲೇ ಮಾಡಿ ತೋರಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಮತ್ತೆ ಬಾರಿಸುವುದಿಲ್ಲ ಎಂದು ಗೊಣಗುತ್ತಿದ್ದ ಗಿಟಾರಿನವರು ಒಡೆದ ಡಬ್ಬಿಯ ವೈರುಗಳನ್ನು ಜೋಡಿಸತೊಡಗಿದರು.

ಆ ಗಲಾಟೆಯಲ್ಲೂ ಗಿಟಾರಿನವರ ಟೇಪ್ ರೆಕಾರ್ಡರ್ ಓಡುತ್ತಿತ್ತು. ಆ ಕ್ಯಾಸೆಟ್ ಕೇಳಿದ ಹೈದರಾಬಾದಿನ ಕ್ಯಾಸೆಟ್ ಅಂಗಡಿಯವನು, ನಡುವೆ ಕೇಳುವ ಧಡ್ ಧಡ್ ಯಾವ ಬಾಜಾದ್ದೆಂದು ವಿಚಾರಿಸಿದ. "ಪತ್ಥರ್, ಸಾಬ್," ಎಂದರು ಗಿಟಾರಿನವರು, ಕಲ್ಲಿನದು ಎಂದು. ಅವನು ನಕ್ಕು, ಹೊದಿಕೆಯ ಮೇಲೆ 'ಸೈಕೆಡೆಲಿಕ್ ಪಾಪ್', ಅಂದರೆ ತಲೆ ತಿರುಗಿಸುವ ಹಾಡು, ಎಂದು ಅಚ್ಚು ಹಾಕಿಸಿದ. ಲಾರಿಗಳಲ್ಲಿ, ಹೋಟೆಲುಗಳಲ್ಲಿ ಅದು ಮೊಳಗಿತು. ಜನ ನಮ್ಮ ಹಾಡಿಗೆ ಸಾಮಾನು ಒಡೆಯಲೆಂದೇ ಬರತೊಡಗಿದರು. ಶಹಾಪುರದಲ್ಲಿ ಬೆಂಚು, ಯಾದಗಿರಿಯಲ್ಲಿ ಟ್ಯೂಬ್‌ಲೈಟು. ಸುಳ್ಳೇಕೆ, ನನಗೂ ಅದರ ನಶೆ ಹತ್ತಿತ್ತು.

ಸುರಪುರದಲ್ಲಿ ಹಾರಿದ ಬಾಟಲಿಯ ಚೂರು ಶಾಲೆ ಮಾಸ್ತರರೊಬ್ಬರ ಕಣ್ಣು ತೆಗೆಯಿತು. ದವಾಖಾನೆಗೆ ಹೋಗಿ ಅವರ ಮಂಚದ ಬಳಿ ನಿಂತೆ. ಬೈಯುತ್ತಾರೆಂದು ಕಾದೆ.

"ನಾ ಹಾಡು ಕೇಳಾಕ ಬಂದಿದ್ದೆ," ಎಂದರು ಮಾಸ್ತರರು. "ಅರ್ಧಾ ಅಷ್ಟ ಕೇಳಿದೆ. ಉಳದದ್ದು ಹಾಡ್ರಿ."

ಗಿಟಾರಿಲ್ಲದೆ, ಮಂಚದ ಕಬ್ಬಿಣ ಹಿಡಿದುಕೊಂಡು ಉಳಿದದ್ದನ್ನು ಹಾಡಿದೆ. ನಡುವೆ ಕಿವಿಯ ಗುಂಯ್ ಸುರ ನುಂಗಿತು, ಅವರು ಕಾದರು. ಅಂದಿನಿಂದ ಯಾರಾದರೂ ಕುರ್ಚಿ ಎತ್ತಿದರೆ ನಾವು ಹಾಡು ನಿಲ್ಲಿಸಿ ವೇದಿಕೆ ಇಳಿದುಬಿಡುತ್ತಿದ್ದೆವು. ಜನ ಬೈದರು, ಆಮೇಲೆ ಬರುವುದನ್ನೇ ಬಿಟ್ಟರು. ಈಗ ಕರೆಯುವವರು ಕಡಿಮೆ. ಬಂದವರು ಮಾತ್ರ ಪದ ಮುಗಿಯುವ ತನಕ ಕುಳಿತಿರುತ್ತಾರೆ.